ಬಾನಿನಿಂದ ಬಿದ್ದ ಭಯ



ಸಿನಿಮಾ ಚರಿತ್ರೆಯಲ್ಲಿ ಒಂದು ವಿಚಿತ್ರ ಪಂಗಡದ ಚಿತ್ರಗಳಿವೆ. ಅವುಗಳ ಕಥೆ ಹೆಚ್ಚು ಕಡಿಮೆ ಒಂದೇ. ಒಂದು ಸಣ್ಣ ಊರಿನ ಹೊರಗೆ, ರಾತ್ರಿಯ ಹೊತ್ತು, ಆಕಾಶದಿಂದ ಏನೋ ಬೀಳುತ್ತದೆ. ಅದನ್ನು ಮೊದಲು ಕಾಣುವವರು ಹದಿನಾರು ಹದಿನೇಳು ವಯಸ್ಸಿನ ಹುಡುಗ ಹುಡುಗಿಯರು. ಅವರು ಓಡಿಬಂದು ಪೊಲೀಸರಿಗೆ ಹೇಳುತ್ತಾರೆ, ಮನೆಯವರಿಗೆ ಹೇಳುತ್ತಾರೆ. ಯಾರೂ ನಂಬುವುದಿಲ್ಲ. ನಂಬುವ ಹೊತ್ತಿಗೆ ಅರ್ಧ ಊರು ಮುಗಿದಿರುತ್ತದೆ.

ಅನ್ಯಗ್ರಹದ ಜೀವಿಗಳು ಭೂಮಿಗೆ ಮುತ್ತಿಗೆ ಹಾಕುವ ಇಂಥ ಚಿತ್ರಗಳನ್ನು ಹಿರಿಯರು ಸಾಮಾನ್ಯವಾಗಿ ಹುಡುಗಾಟವೆಂದು ತಳ್ಳಿಬಿಡುತ್ತಾರೆ. ಅನೇಕ ಚಿತ್ರಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಇವನ್ನು ಜಾಗ್ರತೆಯಿಂದ ನೋಡಿದರೆ ಎರಡು ಸಂಗತಿಗಳನ್ನು ಕಲಿಯಬಹುದು. ಒಂದು, ಒಂದು ಸಮಾಜ ಯಾವ ಕಾಲದಲ್ಲಿ ಯಾವುದಕ್ಕೆ ಹೆದರುತ್ತದೆ ಎಂಬುದು. ಇನ್ನೊಂದು, ಕಣ್ಣಾರೆ ಕಂಡದ್ದನ್ನು ಇತರರು ಒಪ್ಪುವಂತೆ ಮಾಡುವುದು ಎಷ್ಟು ಕಷ್ಟ ಎಂಬುದು. ಎರಡನೆಯದು ವಿಜ್ಞಾನದ ವಿದ್ಯಾರ್ಥಿಗಳಿಗೆ ತೀರ ಹತ್ತಿರದ ವಿಷಯ.

ಇಂಥ ಕಥೆಗಳ ಮೂಲಪುರುಷ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್. ಪುಸ್ತಕರೂಪದಲ್ಲಿ 1898ರಲ್ಲಿ ಬಂದ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ಬೀಳುತ್ತಾರೆ. ಆಗ ಬ್ರಿಟಿಷ್ ಸಾಮ್ರಾಜ್ಯ ತುತ್ತತುದಿಯಲ್ಲಿತ್ತು. ಟಾಸ್ಮೇನಿಯಾದ ಮೂಲನಿವಾಸಿಗಳಿಗೆ ಯುರೋಪಿನಿಂದ ಹೋದವರು ಏನು ಮಾಡಿದರು ಎಂಬುದನ್ನು ವೆಲ್ಸ್ ಕಥೆಯ ಆರಂಭದಲ್ಲೇ ನೆನಪಿಸುತ್ತಾರೆ. ನೀವು ಇತರರಿಗೆ ಮಾಡಿದ್ದನ್ನು ನಿಮಗೇ ಯಾರಾದರೂ ಮಾಡಿದರೆ ಹೇಗಿರುತ್ತದೆ ಎಂದು ಅವರು ತಮ್ಮ ಜನರನ್ನೇ ಕೇಳಿದ ಹಾಗೆ ಅದು. ಕೊನೆಯಲ್ಲಿ ಮಂಗಳದವರನ್ನು ಕೊಲ್ಲುವುದು ಫಿರಂಗಿಯಲ್ಲ, ಭೂಮಿಯ ಸೂಕ್ಷ್ಮಾಣುಗಳು.

ಈ ಕಥೆ ಹದಿಹರೆಯದವರ ಕೈಗೆ ಬಂದದ್ದು ಅಮೆರಿಕದಲ್ಲಿ, 1950ರ ದಶಕದಲ್ಲಿ. ಅದಕ್ಕೆ ಕಾರಣಗಳಿದ್ದವು. 1947ರಲ್ಲಿ 'ಹಾರುವ ತಟ್ಟೆ'ಗಳ ಸುದ್ದಿ ಆ ದೇಶವನ್ನೆಲ್ಲ ಹಬ್ಬಿತು. 1949ರಲ್ಲಿ ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿತು. 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿತು. ಆಕಾಶದಿಂದ ಏನಾದರೂ ಬೀಳಬಹುದು ಎಂಬ ಭಯ ಅಲ್ಲಿ ನಿತ್ಯದ ಮಾತಾಯಿತು. ಇನ್ನೊಂದು ಕಾರಣ ಶುದ್ಧ ವ್ಯಾಪಾರದ್ದು. ಟೆಲಿವಿಷನ್ ಬಂದು ಹಿರಿಯರು ಮನೆಯಲ್ಲೇ ಕುಳಿತರು, ಚಿತ್ರಮಂದಿರಗಳು ಖಾಲಿಯಾದವು. ಹೊರಗೆ ಬರುತ್ತಿದ್ದವರು ಹುಡುಗರು. ಅವರ ಜೇಬಿನಲ್ಲಿ ಒಂದಿಷ್ಟು ಕಾಸಿತ್ತು, ಕೈಯಲ್ಲಿ ಅಪ್ಪನ ಕಾರಿತ್ತು. ಕಾರಿನಲ್ಲೇ ಕುಳಿತು ಚಿತ್ರ ನೋಡುವ ಬಯಲು ಚಿತ್ರಮಂದಿರಗಳಿಗೆ ಕಡಿಮೆ ಖರ್ಚಿನ ಭಯದ ಚಿತ್ರಗಳು ಬೇಕಾದವು. 1957ರ 'ಇನ್ವೇಶನ್ ಆಫ್ ದಿ ಸಾಸರ್ ಮೆನ್' ಚಿತ್ರದಲ್ಲಿ ಹುಡುಗರು ತಮ್ಮ ಕಾರುಗಳ ಹೆಡ್‌ಲೈಟ್ ಬೆಳಕಿನಿಂದಲೇ ಅನ್ಯಗ್ರಹದವರನ್ನು ಕರಗಿಸುತ್ತಾರೆ! ನೋಡುವವರೂ ಕಾರಿನಲ್ಲೇ ಕುಳಿತಿದ್ದರು ಎಂಬುದನ್ನು ಮರೆಯಬೇಡಿ.

ಈ ಪಂಗಡದಲ್ಲಿ ಉಳಿದುಕೊಂಡ ಚಿತ್ರ 1958ರ 'ದಿ ಬ್ಲಾಬ್'. ಬ್ಲಾಬ್ ಎಂದರೆ ಆಕಾರವಿಲ್ಲದ ಮುದ್ದೆ. ಇದನ್ನು ತೆಗೆದವರು ಹಾಲಿವುಡ್ಡಿನವರಲ್ಲ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಧಾರ್ಮಿಕ ಮತ್ತು ಶೈಕ್ಷಣಿಕ ಚಿತ್ರಗಳನ್ನು ಮಾಡುತ್ತಿದ್ದ ಅರ್ವಿನ್ ಯೇವರ್ತ್ ನಿರ್ದೇಶಕರು. ನಾಯಕ ಸ್ಟೀವ್ ಮೆಕ್ವೀನ್. ಮುಂದೆ ದೊಡ್ಡ ತಾರೆಯಾದ ಈ ನಟನಿಗೆ ಚಿತ್ರೀಕರಣದ ಕಾಲಕ್ಕೆ 27 ವರ್ಷ; ಪಾತ್ರ ಮಾತ್ರ ಶಾಲಾ ಹುಡುಗನದು. ಮುದ್ದೆಯೋ, ಕೆಂಪು ಬಣ್ಣ ಬೆರೆಸಿದ ಸಿಲಿಕೋನ್. ಸಣ್ಣ ಮಾದರಿ ಮನೆಗಳನ್ನು ಹಲಗೆಯ ಮೇಲೆ ಜೋಡಿಸಿ, ಕ್ಯಾಮೆರಾವನ್ನೂ ಅದಕ್ಕೇ ಬಿಗಿದು, ಹಲಗೆಯನ್ನು ವಾಲಿಸುವುದು. ಕ್ಯಾಮೆರಾ ಮತ್ತು ಮನೆ ಒಟ್ಟಿಗೇ ವಾಲುವುದರಿಂದ ನೋಡುವವರಿಗೆ ಮನೆ ನೆಟ್ಟಗೇ ಕಾಣುತ್ತದೆ, ಮುದ್ದೆ ಮಾತ್ರ ತಾನಾಗಿ ಹರಿದು ಬಂದಂತೆ ಕಾಣುತ್ತದೆ. ಗುರುತ್ವಾಕರ್ಷಣೆಯೇ ಇಲ್ಲಿ ನಟನೆಯ ಗುರು.

ಕಥೆ ಹೀಗಿದೆ. ಉಲ್ಕೆಯೊಂದು ಬೀಳುತ್ತದೆ. ಮುದುಕನೊಬ್ಬ ಅದನ್ನು ಕೋಲಿನಿಂದ ತಿವಿದಾಗ ಒಳಗಿನ ಲೋಳೆ ಅವನ ಕೈಗೆ ಹತ್ತುತ್ತದೆ. ಸ್ಟೀವ್ ಮತ್ತು ಅವನ ಗೆಳತಿ ಜೇನ್ ಅವನನ್ನು ಡಾಕ್ಟರ ಬಳಿಗೆ ಒಯ್ಯುತ್ತಾರೆ. ಮುದ್ದೆ ಮುದುಕನನ್ನು, ನರ್ಸನ್ನು, ಕೊನೆಗೆ ಡಾಕ್ಟರನ್ನೂ ನುಂಗುತ್ತದೆ. ಸ್ಟೀವ್ ಅದನ್ನು ಕಿಟಕಿಯಲ್ಲಿ ಕಾಣುತ್ತಾನೆ. ಪೊಲೀಸರನ್ನು ಕರೆತಂದರೆ ಅಲ್ಲಿ ಮುದ್ದೆಯೂ ಇಲ್ಲ, ಹೆಣವೂ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಪೊಲೀಸರದು ತಪ್ಪೇ? ತಮ್ಮ ಕಣ್ಣಿಗೆ ಕಂಡ ಸಾಕ್ಷ್ಯದ ಮೇಲೆ ಅವರು ತೀರ್ಮಾನಿಸಿದರು. ಈ ಪ್ರಾಣಿಯ ವಿಶೇಷವೇ ಅದು: ತನ್ನ ಸಾಕ್ಷ್ಯವನ್ನು ತಾನೇ ತಿಂದುಬಿಡುತ್ತದೆ. ಆದರೆ ಒಬ್ಬ ಪೊಲೀಸ್ ಹುಡುಗರ ಮಾತನ್ನು ಪರೀಕ್ಷಿಸುವ ಮೊದಲೇ, ಇವರು ಹುಡುಗರು, ಚೇಷ್ಟೆ ಮಾಡುತ್ತಿದ್ದಾರೆ ಎಂದು ನಿರ್ಧರಿಸಿಬಿಡುತ್ತಾನೆ. 'ಸಾಕ್ಷ್ಯ ಸಾಲದು' ಎನ್ನುವುದು ವಿಜ್ಞಾನದ ಮಾತು. 'ಹೇಳಿದವನು ಚಿಕ್ಕವನು' ಎನ್ನುವುದು ವಿಜ್ಞಾನದ ಮಾತಲ್ಲ. ಈ ಎರಡರ ನಡುವಣ ವ್ಯತ್ಯಾಸವನ್ನು ಚಿತ್ರ ಚೆನ್ನಾಗಿ ತೋರಿಸುತ್ತದೆ.

ಇನ್ನು ಸ್ಟೀವ್ ಏನು ಮಾಡುತ್ತಾನೆ ನೋಡಿ. ಅಂಗಡಿಯೊಂದರಲ್ಲಿ ಮುದ್ದೆ ಅಟ್ಟಿಸಿಕೊಂಡು ಬಂದಾಗ ಅವನೂ ಜೇನಳೂ ಮಾಂಸ ಇಡುವ ಶೀತಲ ಕೋಣೆಯಲ್ಲಿ ಅಡಗುತ್ತಾರೆ. ಬಾಗಿಲ ಸಂದಿಯಲ್ಲಿ ನುಸುಳತೊಡಗಿದ ಮುದ್ದೆ ಹಿಂದೆ ಸರಿಯುತ್ತದೆ. ಏಕೆಂದು ಆಗ ಅವನಿಗೆ ತಿಳಿಯುವುದಿಲ್ಲ. ಮುಂದೆ ಅವರು ಉಪಾಹಾರ ಮಂದಿರವೊಂದರಲ್ಲಿ ಸಿಕ್ಕಿಬೀಳುತ್ತಾರೆ. ಮುದ್ದೆ ಇಡೀ ಕಟ್ಟಡವನ್ನು ಕವಿಯುತ್ತದೆ. ಪೊಲೀಸರು ಅದರ ಮೇಲೆ ವಿದ್ಯುತ್ ತಂತಿ ಕೆಡವಿದರೆ ಮುದ್ದೆಗೆ ಏನೂ ಆಗದೆ ಕಟ್ಟಡಕ್ಕೇ ಬೆಂಕಿ ಹತ್ತುತ್ತದೆ. ಮಾಲೀಕ ಬೆಂಕಿ ಆರಿಸಲು ಇಂಗಾಲದ ಡೈ ಆಕ್ಸೈಡ್ ಚಿಮ್ಮಿಸಿದಾಗ ಮುದ್ದೆ ಮುದುಡುತ್ತದೆ. ಆಗ ಸ್ಟೀವನಿಗೆ ಶೀತಲ ಕೋಣೆಯ ನೆನಪಾಗುತ್ತದೆ. ಎರಡು ಬೇರೆ ಬೇರೆ ಘಟನೆಗಳು, ಎರಡಕ್ಕೂ ಸಮಾನವಾದದ್ದು ಒಂದೇ, ಚಳಿ. ವೀಕ್ಷಣೆ, ಹೋಲಿಕೆ, ಊಹೆ, ಪ್ರಯೋಗ: ನಿಮ್ಮ ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲಿ ಇರುವುದು ಇದೇ. ಆ ಸಿಲಿಂಡರಿನಲ್ಲಿ ಒತ್ತಡದಲ್ಲಿದ್ದ ದ್ರವ ಇಂಗಾಲದ ಡೈ ಆಕ್ಸೈಡ್ ಹೊರಗೆ ಚಿಮ್ಮಿ ಹಿಗ್ಗುವಾಗ ತಣ್ಣಗಾಗಿ ಒಂದಂಶ ಹಿಮವಾಗುತ್ತದೆ. ಆ ಹಿಮದ ಉಷ್ಣತೆ ಸುಮಾರು ಮೈನಸ್ 78 ಡಿಗ್ರಿ ಸೆಲ್ಸಿಯಸ್. ಈ ಮಟ್ಟಿಗೆ ಚಿತ್ರದ ಭೌತಶಾಸ್ತ್ರ ಸರಿಯಾಗಿಯೇ ಇದೆ.

ಉಳಿದ ವಿಜ್ಞಾನ ಹೇಗೆ? ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ಹಿಡಿದುಕೊಳ್ಳಿ. ಮುದ್ದೆ 50 ಜನರನ್ನು ನುಂಗಿತು ಎನ್ನೋಣ. ಒಬ್ಬರ ತೂಕ 60 ಕಿಲೋ. ಒಟ್ಟು 3,000 ಕಿಲೋ. ಸಾಂದ್ರತೆ ನೀರಿನಷ್ಟೇ ಎಂದುಕೊಂಡರೆ ಗಾತ್ರ 3 ಘನ ಮೀಟರ್. ಅಂದರೆ ಪ್ರತಿ ಬದಿ ಒಂದೂವರೆ ಮೀಟರಿಗೂ ಕಡಿಮೆ ಇರುವ ಒಂದು ಪೆಟ್ಟಿಗೆ! ತೆರೆಯ ಮೇಲಿನ ಮುದ್ದೆ ಕಟ್ಟಡವನ್ನೇ ಕವಿಯುತ್ತದೆ. 15 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದಷ್ಟು ಬೆಳೆಯಬೇಕಾದರೆ ಅದು ನುಂಗಬೇಕಾದದ್ದು ಸುಮಾರು 3,000 ಜನರನ್ನು. ದ್ರವ್ಯರಾಶಿ ಶೂನ್ಯದಿಂದ ಹುಟ್ಟುವುದಿಲ್ಲ. ಇನ್ನೊಂದು ತೊಡಕೂ ಇದೆ. ಎಲುಬಿಲ್ಲದ, ರಕ್ತನಾಳವಿಲ್ಲದ ಜೀವಿಗೆ ಆಮ್ಲಜನಕ ಹೊರಮೈಯಿಂದ ಒಳಕ್ಕೆ ತಾನಾಗಿ ಹರಡಬೇಕು. ದೂರ ಇಮ್ಮಡಿಯಾದರೆ ಹರಡಲು ನಾಲ್ಕು ಪಟ್ಟು ಸಮಯ ಬೇಕು. ಆದ್ದರಿಂದಲೇ ನೀವು ಸೂಕ್ಷ್ಮದರ್ಶಕದಲ್ಲಿ ಕಾಣುವ ಅಮೀಬಾ ಒಂದು ಮಿಲಿಮೀಟರನ್ನು ದಾಟುವುದು ಅಪರೂಪ. ಬಸ್ಸಿನಷ್ಟು ದೊಡ್ಡ ಮುದ್ದೆಯ ನಡುಭಾಗ ಉಸಿರುಗಟ್ಟಿ ಸಾಯಬೇಕು.

ಹಾಗಾದರೆ ನಿಜವಾದ ಬ್ಲಾಬ್ ಇಲ್ಲವೇ? ಇದೆ. ಕಾಡಿನಲ್ಲಿ ಕೊಳೆಯುವ ಎಲೆ, ಮರದ ತುಂಡುಗಳ ಮೇಲೆ ಹಳದಿ ಬಲೆಯಂತೆ ಹರಡುವ 'ಫೈಸೇರಮ್ ಪಾಲಿಸೆಫಾಲಮ್' ಎಂಬ ಸ್ಲೈಮ್ ಮೋಲ್ಡ್. ಒಂದೇ ಜೀವಕೋಶ, ಕೋಶಕೇಂದ್ರಗಳು ಅಸಂಖ್ಯ. ತೆಳುವಾಗಿ ಹರಡುವುದರಿಂದ ಮೇಲೆ ಹೇಳಿದ ತೊಡಕು ಅದಕ್ಕಿಲ್ಲ. ಮಿದುಳಿಲ್ಲದಿದ್ದರೂ ಅದು ಆಹಾರದತ್ತ ಹತ್ತಿರದ ದಾರಿ ಹುಡುಕುತ್ತದೆ. 2010ರಲ್ಲಿ ಪ್ರಕಟವಾದ ಜಪಾನೀ ವಿಜ್ಞಾನಿಗಳ ಪ್ರಯೋಗವೊಂದರಲ್ಲಿ, ಟೋಕಿಯೋ ಸುತ್ತಲಿನ ಪಟ್ಟಣಗಳ ಸ್ಥಾನದಲ್ಲಿ ಓಟ್ಸ್ ಕಾಳುಗಳನ್ನಿಟ್ಟಾಗ ಅದು ಹೆಣೆದ ಜಾಲ ಅಲ್ಲಿನ ರೈಲು ಮಾರ್ಗಗಳನ್ನು ಬಹುವಾಗಿ ಹೋಲುತ್ತಿತ್ತು. 2019ರಲ್ಲಿ ಪ್ಯಾರಿಸ್ ಮೃಗಾಲಯ ಇದನ್ನು 'ಬ್ಲಾಬ್' ಎಂಬ ಹೆಸರಿನಲ್ಲೇ ಪ್ರದರ್ಶನಕ್ಕಿಟ್ಟಿತು. 2021ರಲ್ಲಿ ಫ್ರಾನ್ಸಿನ ಗಗನಯಾತ್ರಿ ತೋಮಾ ಪೆಸ್ಕೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಅಲ್ಲಿ ಇದರ ಮೇಲೆ ಪ್ರಯೋಗ ನಡೆಯಿತು. ಅದೇ ಪ್ರಯೋಗವನ್ನು ಫ್ರಾನ್ಸಿನ ಸಾವಿರಾರು ಶಾಲೆಗಳ ಮಕ್ಕಳು ಕೆಳಗೆ ಮಾಡಿದರು. ಸಿನಿಮಾದಲ್ಲಿ ಬ್ಲಾಬ್ ಆಕಾಶದಿಂದ ಬಂತು. ನಿಜದಲ್ಲಿ ಅದು ಭೂಮಿಯಿಂದ ಆಕಾಶಕ್ಕೆ ಹೋಯಿತು, ವಿದ್ಯಾರ್ಥಿಗಳ ಜೊತೆಗೂಡಿ.

ಆಕಾಶದಿಂದ ಅಪಾಯ ಬರುವುದಿಲ್ಲವೆಂದು ವಿಜ್ಞಾನಿಗಳು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 1969ರ ಜುಲೈನಲ್ಲಿ ಚಂದ್ರನಿಂದ ಮರಳಿದ ಅಪೊಲೊ-11ರ ಮೂವರನ್ನು ಜನರಿಂದ ದೂರ, ಪ್ರತ್ಯೇಕವಾಗಿ ಇಡಲಾಗಿತ್ತು. ಚಂದ್ರನನ್ನು ಮುಟ್ಟಿದ ದಿನದಿಂದ ಲೆಕ್ಕ ಹಾಕಿ 21 ದಿನಗಳ ಎಚ್ಚರಿಕೆ. 1967ರ ಬಾಹ್ಯಾಕಾಶ ಒಪ್ಪಂದ ಇತರ ಆಕಾಶಕಾಯಗಳನ್ನು ನಾವು ಕಲುಷಿತಗೊಳಿಸಬಾರದು, ಅಲ್ಲಿಂದ ತಂದದ್ದರಿಂದ ಭೂಮಿಗೂ ಹಾನಿಯಾಗಬಾರದು ಎನ್ನುತ್ತದೆ. ಅಂದರೆ ಬೇರೆ ಲೋಕದ ಮಟ್ಟಿಗೆ ಮುತ್ತಿಗೆ ಹಾಕುವವರು ನಾವೇ ಆಗಬಹುದು. ವೆಲ್ಸ್ ಕೇಳಿದ ಪ್ರಶ್ನೆಯೇ ಮತ್ತೆ ನಮ್ಮೆದುರು ನಿಲ್ಲುತ್ತದೆ.

ಈಗ ಭಯದ ವಿಚಾರ. 1956ರ 'ಇನ್ವೇಶನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' ಚಿತ್ರದಲ್ಲಿ ಮುದ್ದೆಯಿಲ್ಲ, ಆಯುಧವಿಲ್ಲ. ದೊಡ್ಡ ಬೀಜಕೋಶಗಳಿಂದ ಹುಟ್ಟುವ ಪ್ರತಿರೂಪಗಳು, ನಿದ್ದೆ ಹೋದ ಮನುಷ್ಯರ ಜಾಗಕ್ಕೆ ಬರುತ್ತವೆ. ಮುಖ ಅದೇ, ನೆನಪು ಅದೇ, ಅಂತಃಕರಣ ಮಾತ್ರ ಇಲ್ಲ. ಕೆಲವರು ಇದನ್ನು ಕಮ್ಯುನಿಸ್ಟರ ಭಯವೆಂದು ಓದಿದರು. ಇನ್ನು ಕೆಲವರು, ನೆರೆಯವನನ್ನೇ ದೇಶದ್ರೋಹಿ ಎಂದು ಶಂಕಿಸುತ್ತಿದ್ದ ಆ ಕಾಲದ ಅಮೆರಿಕದ ಚಿತ್ರವೆಂದು ಓದಿದರು. ಎರಡೂ ಓದು ಸಾಧ್ಯವಾಗುವುದೇ ಆ ಚಿತ್ರದ ಬಲ.

1988ರಲ್ಲಿ 'ದಿ ಬ್ಲಾಬ್' ಮತ್ತೆ ತಯಾರಾಯಿತು. ಈ ಸಲ ಮುದ್ದೆ ಅನ್ಯಗ್ರಹದ್ದಲ್ಲ. ಸ್ವಂತ ಸರ್ಕಾರವೇ ಗುಟ್ಟಾಗಿ ನಡೆಸಿದ ಜೈವಿಕ ಅಸ್ತ್ರದ ಪ್ರಯೋಗ. ಮೂವತ್ತು ವರ್ಷಗಳಲ್ಲಿ ಭಯ ಹೊರಗಿನಿಂದ ಒಳಗೆ ಬಂದಿತ್ತು. 1998ರ 'ದಿ ಫ್ಯಾಕಲ್ಟಿ'ಯಲ್ಲಿ ಅದು ಶಾಲೆಯ ಒಳಕ್ಕೇ ಬಂತು: ಮೇಷ್ಟರುಗಳ ಮೈಯಲ್ಲಿ ಪರಾವಲಂಬಿ ಜೀವಿ ಸೇರಿಕೊಳ್ಳುತ್ತದೆ. ನಿಮ್ಮಲ್ಲಿ ಕೆಲವರು ಈಗ ನಗುತ್ತಿರಬಹುದು! 2011ರ ಬ್ರಿಟಿಷ್ ಚಿತ್ರ 'ಅಟ್ಯಾಕ್ ದಿ ಬ್ಲಾಕ್' ಇನ್ನೂ ಮುಂದೆ ಹೋಯಿತು. ದಕ್ಷಿಣ ಲಂಡನ್ನಿನ ಬಡವರ ವಸತಿ ಸಮುಚ್ಚಯದ ಪುಂಡ ಹುಡುಗರು ಮೊದಲ ದೃಶ್ಯದಲ್ಲೇ ಒಬ್ಬ ನರ್ಸನ್ನು ದೋಚುತ್ತಾರೆ. ಅನ್ಯಗ್ರಹದ ಮೃಗಗಳು ಬಂದಾಗ ಕಟ್ಟಡವನ್ನು ಕಾಯುವವರೂ ಅವರೇ. ಯಾರನ್ನು ನಾವು ಪರಕೀಯರೆಂದು ಮೊದಲೇ ತೀರ್ಮಾನಿಸಿರುತ್ತೇವೋ ಅವರ ಕಣ್ಣಿನಿಂದ ಕಥೆ ಹೇಳಿದ ಚಿತ್ರವದು.

ಈ ಚಿತ್ರಗಳಲ್ಲಿ ಒಂದು ನಿಜವಾದ ಅಪಾಯವೂ ಇದೆ. 'ಇವನು ನೋಡಲು ಮನುಷ್ಯನಂತಿದ್ದಾನೆ, ಆದರೆ ಮನುಷ್ಯನಲ್ಲ' ಎಂಬ ಯೋಚನೆ ತೆರೆಯ ಮೇಲೆ ರೋಮಾಂಚನ ತರುತ್ತದೆ. ಬೀದಿಗೆ ಬಂದರೆ ಅದು ವಿಷ. ಬೇರೆ ಭಾಷೆಯವರು, ಬೇರೆ ಜಾತಿಯವರು, ಬೇರೆ ಊರಿನಿಂದ ಕೆಲಸಕ್ಕೆ ಬಂದವರು, ಇವರ ಬಗ್ಗೆ ಯಾರಾದರೂ ಈ ಧಾಟಿಯಲ್ಲಿ ಮಾತಾಡಿದರೆ ಸಾಕ್ಷ್ಯ ಕೇಳಿ. ಕೇಳುವ ಅಭ್ಯಾಸ ವಿಜ್ಞಾನದ ತರಗತಿಯಲ್ಲಿ ಆಗಿರುತ್ತದೆ, ಅದನ್ನು ಹೊರಗೂ ತನ್ನಿ.

'ದಿ ಬ್ಲಾಬ್'ನಲ್ಲಿ ನನಗೆ ಬಹಳ ಇಷ್ಟವಾದ ಒಂದು ದೃಶ್ಯವನ್ನು ಹೇಳಿ ಮುಗಿಸುತ್ತೇನೆ. ಮುದ್ದೆಯನ್ನು ತಡೆಯಲು ಇನ್ನಷ್ಟು ಇಂಗಾಲದ ಡೈ ಆಕ್ಸೈಡ್ ಬೇಕು. ಅದು ಇರುವುದು ಶಾಲೆಯಲ್ಲಿ, ಶಾಲೆಗೆ ಬೀಗ. ಜೇನಳ ತಂದೆಯೇ ಆ ಶಾಲೆಯ ಮುಖ್ಯೋಪಾಧ್ಯಾಯ, ಶಿಸ್ತಿನ ಮನುಷ್ಯ. ಅವರು ಹುಡುಗರೊಡನೆ ಓಡಿಬಂದು ತಮ್ಮ ಶಾಲೆಯ ಬಾಗಿಲಿನ ಗಾಜನ್ನು ತಾವೇ ಒಡೆಯುತ್ತಾರೆ. ಹುಡುಗರು ಸಿಲಿಂಡರುಗಳನ್ನು ಹೊತ್ತು ಓಡುತ್ತಾರೆ. ಊರು ಉಳಿಯುವುದು ಹುಡುಗರೊಬ್ಬರಿಂದಲೂ ಅಲ್ಲ, ಹಿರಿಯರೊಬ್ಬರಿಂದಲೂ ಅಲ್ಲ. ಚಿಕ್ಕವರು ನೋಡಿದರು, ಯೋಚಿಸಿದರು, ಹೇಳಿದರು; ದೊಡ್ಡವರು ಕೊನೆಗೂ ಕೇಳಿದರು.

ಹೆಪ್ಪುಗಟ್ಟಿದ ಮುದ್ದೆಯನ್ನು ವಿಮಾನದಲ್ಲಿ ಒಯ್ದು ಆರ್ಕ್ಟಿಕ್ ಪ್ರದೇಶದಲ್ಲಿ ಇಳಿಸುತ್ತಾರೆ. ಆರ್ಕ್ಟಿಕ್ ತಣ್ಣಗಿರುವ ತನಕ ಭಯವಿಲ್ಲವೆಂದು ಸ್ಟೀವ್ ಸಮಾಧಾನಪಡುತ್ತಾನೆ. ತೆರೆಯ ಮೇಲೆ 'ಮುಕ್ತಾಯ' ಎಂಬ ಅಕ್ಷರ ಮೂಡಿ, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಬಂದು ನಿಲ್ಲುತ್ತದೆ. 1958ರಲ್ಲಿ ಅದು ತಮಾಷೆಯ ಚಿಹ್ನೆ. ಇಂದು ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಕಾಯುತ್ತಿದೆ. ಅಲ್ಲಿನ ಹಿಮದಡಿಯಲ್ಲಿ ಮುದ್ದೆಯಿಲ್ಲ, ನಿಜ. ಆದರೆ ಅದು ಕರಗುತ್ತಿರುವುದನ್ನು ಅಳೆದು ಹೇಳುತ್ತಿರುವವರ ಮಾತನ್ನು ನಾವು ಎಷ್ಟರಮಟ್ಟಿಗೆ ಕೇಳುತ್ತಿದ್ದೇವೆ? ಮುಂದಿನ ಸಲ ಇಂಥ ಚಿತ್ರ ನೋಡುವಾಗ ಹೆದರಿಕೊಳ್ಳಿ, ನಗಿ, ಲೆಕ್ಕವನ್ನೂ ಹಾಕಿ. ಆಮೇಲೆ ಈ ಪ್ರಶ್ನೆಯನ್ನು ನಿಮ್ಮ ಮೇಷ್ಟರನ್ನೂ ಕೇಳಿ.