ಸಾಲವಿಲ್ಲದ ಹಬ್ಬ



ನಮ್ಮ ಮಾಕಣಿಯಲ್ಲಿ ತೇರ್ಣಾ ನದಿಗೆ ಅಣೆಕಟ್ಟು ಇದೆ. ಆದರೂ ಮರಾಠವಾಡದ ಎಷ್ಟೋ ಮನೆಯವರು ದಸರೆ ಕಳೆದೊಡನೆ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಮುಕಾದಮ ಮೊದಲೇ ಕೊಡುವ ಹಣ 'ಉಚಲ್'. ಅದನ್ನು ಹಿಡಿದ ಗಂಡಹೆಂಡಿರ ಜೋಡಿಗೆ ಕಬ್ಬಿನ ಕತ್ತಿಯ ಹೆಸರೇ, 'ಕೊಯತಾ'. ಮನುಷ್ಯರ ಹೆಸರು ಅಲ್ಲೇ ಹೋಯಿತು! ಎಸ್ಟೇಟಿನ ಮೇಸ್ತ್ರಿ ಕೊಡುವ ಮುಂಗಡವೂ ಇದರ ತಮ್ಮನೇ.

1976ರ ಕಾನೂನು ಜೀತವನ್ನು ರದ್ದುಮಾಡಿತು. ರೋಗಕ್ಕೆ, ಹೊಟ್ಟೆಗೆ ಮಾಡಿದ ಸಾಲದ ಮೂಲ ಕಡಿಮೆ ಕೂಲಿ. ಅದಕ್ಕೆ ಸಂಘ ಕಟ್ಟಿ ಹೋರಾಡೋಣ. ಬಡತನ ಸಹಿಸಿಕೊಳ್ಳಿರೆಂಬುದು ಸರಳ ಜೀವನವಲ್ಲ. ಆದರೆ ಪೆಂಡಾಲಿಗೂ ಬ್ಯಾಂಡಿಗೂ ಮುಂಗಡವೇಕೆ? ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಮರಿಯಮ್ಮನವರು ಸಾಹುಕಾರನ ಬಳಿ ಓಡಲಿಲ್ಲ, ಮಗನಿಗೆ ಹೇಳಿದರು. ಬಾನೆಗಳ ನೀರೇ ಸಾಕಾಯಿತು.

ಬರುವ ಕ್ರಿಸ್‌ಮಸ್ಸಿಗೆ ಲೈನಿನವರೆಲ್ಲ ಅಕ್ಕಿ ಕೂಡಿಸಿ ಒಂದೇ ಒಲೆಯಲ್ಲಿ ಬೇಯಿಸೋಣ. ತಮಟೆಯಂತೂ ನಮ್ಮಲ್ಲೇ ಇದೆ.