ತುರಿಕೆ ಅಂದ್ರೆ ನಾಚಿಕೆ ಬೇಡ

ಪಾಂಡೇಸರಾ ಜಿಐಡಿಸಿ ತುಂಬ ಡೈಯಿಂಗ್, ಪ್ರಿಂಟಿಂಗ್ ಮಿಲ್ಲುಗಳು. ಸೂರತ್ತಿನ ಪಾಲಿಯೆಸ್ಟರ್ ಸೀರೆಗೆ ಚೆಂದ, ಒಳಉಡುಪಿಗೆ ಬೇಡ, ಬೆವರು ಹೀರಲ್ಲ.

ಕ್ಯಾಂಡಿಡಾ ಅನ್ನೋ ಯೀಸ್ಟ್ ಎಷ್ಟೋ ಜನರ ಮೈಯಲ್ಲಿ ಮೊದಲಿಂದಲೇ ಇರುತ್ತೆ. ಬಿಸಿ, ತೇವ ಸಿಕ್ಕರೆ ಹೆಚ್ಚುತ್ತೆ. ಹತ್ತಿಯದನ್ನೇ, ಪೂರ್ತಿ ಒಣಗಿಸಿ ಹಾಕಿ. ಮಳೆಗಾಲದಲ್ಲಿ ಇಸ್ತ್ರಿ ಮಾಡಿ. ಸ್ನಾನದ ನಂತರ ತೊಡೆಸಂದು ಚೆನ್ನಾಗಿ ಒರೆಸಿ. ಯೋನಿಯೊಳಗೆ ಸೋಪು ಹಾಕಬೇಡಿ.

ಆಂಟಿಬಯಾಟಿಕ್ ನಮ್ಮನ್ನು ಕಾಯೋ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತೆ, ಚೀಟಿಯಿಲ್ಲದೆ ನುಂಗಬೇಡಿ. ಸ್ಟೀರಾಯ್ಡ್ ಕ್ರೀಮು ತುರಿಕೆ ಅಡಗಿಸುತ್ತೆ, ಸೋಂಕು ಬೆಳೆಸುತ್ತೆ. ಮತ್ತೆ ಮತ್ತೆ ಬಂದರೆ ಶುಗರ್ ಟೆಸ್ಟ್ ಮಾಡಿಸಿ.

ಊರಿಂದ ಬಂದ ಅಮ್ಮ, ಹೆಂಡತಿ ಭಾಷೆ ಬರದೆ ಸುಮ್ಮನಿರಬಹುದು. ಒಂದು ಪದ ಕಲಿಸಿಕೊಡಿ: ಗುಜರಾತಿಯಲ್ಲಿ ತುರಿಕೆಗೆ ‘ಖಂಜವಾಳ್’ ಅಂತಾರೆ. ಡಾಕ್ಟರ ಮುಂದೆ ಮಾತು ಶುರುಮಾಡೋಕೆ ಅಷ್ಟು ಸಾಕು.