ತಾಮ್ರ, ಜೀವಕೋಶ ಮತ್ತು ನಮ್ಮ ತೋಟ



ಮಳೆಗಾಲ ಸಮೀಪಿಸಿದೊಡನೆ ನಾವೆಲ್ಲರೂ ಮೈಲುತುತ್ತ, ಸುಣ್ಣಗಳನ್ನು ಸಿದ್ಧಮಾಡಿಕೊಳ್ಳುತ್ತೇವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಈ ರೋಗದ ಕುರಿತ ಅವರ ಅಧ್ಯಯನ 1910ರಲ್ಲಿ ಪ್ರಕಟವಾಯಿತು. ಅಂದರೆ, ನೂರು ವರ್ಷಗಳಿಗೂ ಮಿಕ್ಕಿ ನಮ್ಮ ತೋಟಗಳಿಗೆ ತಾಮ್ರ ಬೀಳುತ್ತಿದೆ. "ಮಣ್ಣಿನ ಜೀವಿಗಳು ಇದಕ್ಕೆ ಒಗ್ಗಿಕೊಂಡಿವೆಯಲ್ಲವೇ?" ಎಂದು ಹಲವರು ಕೇಳುತ್ತಾರೆ. ಒಗ್ಗಿಕೊಳ್ಳುವುದೆಂದರೇನು ಎಂಬುದನ್ನು ಜೀವಕೋಶವೊಂದರ ಒಳಗೇ ನೋಡೋಣ.

ಬ್ರೆಡ್ಡನ್ನು ಉಬ್ಬಿಸುವ ಯೀಸ್ಟ್ ಒಂದು ಏಕಕೋಶ ಶಿಲೀಂಧ್ರ. ಅದಕ್ಕೆ ಕಿಂಚಿತ್ ತಾಮ್ರ ಬೇಕು, ಹೆಚ್ಚಾದರೆ ವಿಷ. ತಾಮ್ರ ಮಿತಿಮೀರಿದಾಗ ಅದರ ಅಯಾನುಗಳು 'ಏಸ್1' ಎಂಬ ಪ್ರೋಟೀನನ್ನು ಸೇರಿ ಅದರ ಆಕಾರವನ್ನು ಬದಲಿಸುತ್ತವೆ. ರೂಪ ಬದಲಿಸಿದ ಆ ಪ್ರೋಟೀನು ಡಿಎನ್ಎಯ ನಿರ್ದಿಷ್ಟ ತಾಣವನ್ನು ಹಿಡಿದು, 'ಕಪ್1' ಎಂಬ ವಂಶವಾಹಿಯನ್ನು ಚಾಲನೆಗೊಳಿಸುತ್ತದೆ. ಆಗ ಮೆಟಲೋಥಯೋನಿನ್ ಎಂಬ ಪುಟ್ಟ ಪ್ರೋಟೀನು ತಯಾರಾಗುತ್ತದೆ. ಅದರಲ್ಲಿರುವ ಗಂಧಕ ತಾಮ್ರವನ್ನು ಬಿಗಿಯಾಗಿ ಹಿಡಿದಿಟ್ಟು ಕೋಶವನ್ನು ಕಾಪಾಡುತ್ತದೆ. ಇಲ್ಲಿ ರಕ್ಷಣೆಯ ಸ್ವಿಚ್ಚನ್ನು ಒತ್ತುವುದು ವಿಷವೇ!

ಬೋರ್ಡೋ ದ್ರಾವಣ ರೂಪುಗೊಂಡದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ. ವೈನ್ ತಯಾರಿಕೆಯ ಅನೇಕ ಯೀಸ್ಟ್ ತಳಿಗಳಲ್ಲಿ ಇಂದು ಕಪ್1 ವಂಶವಾಹಿಯ ಹಲವು ಪ್ರತಿಗಳು ಸಾಲಾಗಿ ಕಾಣಸಿಗುತ್ತವೆ. ದೀರ್ಘಕಾಲದ ತಾಮ್ರದ ಸಿಂಪಡಣೆ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ. ಆದರೆ ಇದು ಎಲ್ಲ ಜೀವಿಗಳೂ ಕಲಿತ ಪಾಠವಲ್ಲ. ಹೆಚ್ಚು ಪ್ರತಿಗಳಿದ್ದವು ಉಳಿದವು. ಇಲ್ಲದವು ಹಿಂದೆ ಬಿದ್ದವು. ನಾವು ಒಗ್ಗಿಕೆ ಎನ್ನುವುದು ಉಳಿದವುಗಳ ಲೆಕ್ಕವಷ್ಟೇ. ಅಳಿದವು ಅದರಲ್ಲಿ ಸೇರಿಲ್ಲ.

ಈ ರಕ್ಷಣೆಗೂ ಮಿತಿಯಿದೆ. ಪ್ರೋಟೀನು ತಯಾರಿಸಲು ಕೋಶವು ತನ್ನ ಶಕ್ತಿಯನ್ನು ವ್ಯಯಿಸಬೇಕು. ವಿಷವು ಅದರ ಹಿಡಿತ ಮೀರಿದರೆ ಸಾವು ನಿಶ್ಚಿತ. ತಾಮ್ರವಾದರೋ ಕೊಳೆತು ಮಾಯವಾಗುವ ವಸ್ತುವಲ್ಲ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ನೆಲಕ್ಕೆ ಬಿದ್ದದ್ದರಲ್ಲಿ ಬಹುಪಾಲು ಎರೆಹುಳುಗಳು ವಾಸಿಸುವ ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ.

ಕೊಳೆರೋಗದ ನಷ್ಟವನ್ನು ಕಣ್ಣಾರೆ ಕಂಡಿರುವ ನಾನು, ಸಿಂಪಡಣೆಯನ್ನೇ ಬಿಟ್ಟುಬಿಡಿ ಎನ್ನಲಾರೆ. ದ್ರಾವಣ ಶೇ. 1ನ್ನು ಮೀರದಿರಲಿ, ಗೊನೆಗೆ ಮಾತ್ರ ತಾಗಲಿ. ಉಳಿದದ್ದನ್ನು ಹಳ್ಳಕ್ಕೆ ಚೆಲ್ಲದಿರೋಣ. ಸಾಧ್ಯವಿರುವಲ್ಲಿ ಕೊಟ್ಟೆ ಕಟ್ಟೋಣ. ಮಣ್ಣು ಪರೀಕ್ಷೆ ಮಾಡಿಸುವಾಗ ತಾಮ್ರವನ್ನೂ ಅಳೆಸೋಣ. ಜೀವಕೋಶ ತನ್ನ ಮಿತಿಯಲ್ಲಿ ತನ್ನನ್ನು ಕಾಯ್ದುಕೊಳ್ಳುತ್ತದೆ. ಆ ಮಿತಿಯನ್ನು ದಾಟಿಸದಿರುವ ಹೊಣೆ ನಮ್ಮದು.